ತೊಡೆಗೆ ಕಟ್ಟಿದ ಪಿಸ್ತೂಲು, ‘ಲೆವೆಲ್ 3’ ಭದ್ರತೆ: ಹೋಲ್ಸ್ಟರ್ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

ಕಳೆದ ಕೆಲವು ತಿಂಗಳುಗಳಲ್ಲಿ ಓದುಗರು ನಮಗೆ ಕಳುಹಿಸಿದ ಫಾರ್ವರ್ಡ್‌ಗಳಲ್ಲಿ ಎರಡು ಸಂದೇಶಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಮೊದಲನೆಯದು ಜಾಹೀರಾತಿನಂಥದ್ದು. ಕಪ್ಪು ಉಡುಪು, ಎದೆಗೆ ಗುಂಡು ನಿರೋಧಕ ಕವಚ, ತೊಡೆಗೆ ಬಿಗಿದ ಪಿಸ್ತೂಲು ಇರುವ ವ್ಯಕ್ತಿಯ ಚಿತ್ರ. ಕೆಳಗೆ ‘ಕಮಾಂಡೊಗಳು ಬಳಸುವ ಅಸಲಿ ಟ್ಯಾಕ್ಟಿಕಲ್ ಹೋಲ್ಸ್ಟರ್, ಲೆವೆಲ್ 3 ಸೇಫ್ಟಿ, ಯಾವ ಪಿಸ್ತೂಲಿಗೂ ಫಿಟ್ ಆಗುತ್ತೆ’ ಎಂಬ ಬರಹ. ಎರಡನೆಯದು ಹೆದರಿಸುವಂಥದ್ದು: ‘ಅಮೆರಿಕದಲ್ಲಿ ಹೋಲ್ಸ್ಟರ್ ಒಳಗಿದ್ದ ಪಿಸ್ತೂಲು ಯಾರೂ ಮುಟ್ಟದೆ ತಾನಾಗಿಯೇ ಹಾರಿ ಯೋಧನ ಸಾವು.’

ಮೊದಲ ಸಂದೇಶ ಕಳುಹಿಸಿದ ಓದುಗರೊಬ್ಬರು ಜತೆಗೊಂದು ಪ್ರಶ್ನೆಯನ್ನೂ ಕೇಳಿದ್ದರು. ಅವರ ತಂದೆ ಸೇನೆಯಿಂದ ನಿವೃತ್ತರಾದ ಮೇಲೆ ಖಾಸಗಿ ಅಂಗರಕ್ಷಕರಾಗಿ ಕೆಲಸಕ್ಕೆ ಸೇರಿದ್ದಾರೆ. ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ. ಅದರ ಚರ್ಮದ ಚೀಲ ವರ್ಷಾನುಗಟ್ಟಲೆ ಬಳಸಿ ಮೆತ್ತಗಾಗಿದೆ. ‘ಅಪ್ಪನ ಹುಟ್ಟುಹಬ್ಬಕ್ಕೆ ಇದನ್ನೇ ತರಿಸಿಕೊಡೋಣ ಅಂದ್ಕೊಂಡಿದ್ದೀನಿ, ತಗೋಬಹುದಾ?’ ಎಂಬುದು ಪ್ರಶ್ನೆ.

ಚಿಕ್ಕ ಉತ್ತರ: ಬೇಡ. ಯಾಕೆ ಬೇಡ ಎಂಬುದನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಹೋಲ್ಸ್ಟರ್‌ನ ಮೊದಲ ಕೆಲಸವೇನು?

ಪಿಸ್ತೂಲನ್ನು ಹೊತ್ತು ತಿರುಗಲು ಒಂದು ಚೀಲ ಎಂದು ಹೆಚ್ಚಿನವರು ಭಾವಿಸಿದ್ದಾರೆ. ಹೊರುವುದು ಅದರ ಎರಡನೆಯ ಕೆಲಸ. ಮೊದಲನೆಯದು ಟ್ರಿಗರ್ ಅನ್ನು ಮುಚ್ಚುವುದು.

ಜಗತ್ತಿನ ಅನೇಕ ಪೊಲೀಸ್ ಪಡೆಗಳು ಬಳಸುವ ಗ್ಲಾಕ್ 17 ಪಿಸ್ತೂಲನ್ನೇ ತೆಗೆದುಕೊಳ್ಳೋಣ. ಅದರ ಟ್ರಿಗರ್ ಎಳೆಯಲು ಸುಮಾರು ಎರಡೂವರೆ ಕಿಲೋ ಒತ್ತಡ ಸಾಕು. ಟ್ರಿಗರ್ ಹಿಂದಕ್ಕೆ ಸರಿಯುವ ದೂರ ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. ಬೆರಳಿನಿಂದ ಜಾರಿಸಿ ಹಾಕುವ ಪ್ರತ್ಯೇಕ ಸೇಫ್ಟಿ ಗುಂಡಿ ಅದರಲ್ಲಿಲ್ಲ. ಟ್ರಿಗರ್ ಅನ್ನು ಹಿಂದಕ್ಕೆ ತಳ್ಳುತ್ತಿರುವುದು ಬೆರಳೋ, ಜಾಕೆಟ್‌ನ ದಾರವೋ, ಒಳಸೇರಿಕೊಂಡ ಅಂಗಿಯ ಅಂಚೋ ಎಂದು ಪಿಸ್ತೂಲಿಗೆ ತಿಳಿಯುವುದಿಲ್ಲ. ಆ ವ್ಯತ್ಯಾಸ ನೋಡಿಕೊಳ್ಳಬೇಕಾದ್ದು ಹೋಲ್ಸ್ಟರ್.

ನಮ್ಮ ಸಿನಿಮಾಗಳಲ್ಲಿ ನಾಯಕ ಪಿಸ್ತೂಲನ್ನು ಪ್ಯಾಂಟಿನ ಹಿಂಬದಿಗೆ ಸಿಕ್ಕಿಸಿಕೊಂಡು ಬೈಕ್ ಹತ್ತುವುದನ್ನು ನೋಡಿ ನೋಡಿ ಅದು ಸಹಜ ಅನ್ನಿಸಿಬಿಟ್ಟಿದೆ. ನಿಜಜೀವನದಲ್ಲಿ ಹಾಗೆ ಮಾಡಿದವರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ಒಬ್ಬರು. 2008ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ನೈಟ್‌ಕ್ಲಬ್ ಒಂದಕ್ಕೆ ಹೋದಾಗ ಅವರ ಗ್ಲಾಕ್ ಹೋಲ್ಸ್ಟರ್ ಇಲ್ಲದೆ ಸೊಂಟದಲ್ಲಿತ್ತು. ಅದು ಕಾಲಿನೊಳಕ್ಕೆ ಜಾರಿತು, ಗುಂಡು ಹಾರಿ ಅವರದೇ ತೊಡೆಗೆ ಹೊಕ್ಕಿತು. ಲೈಸೆನ್ಸ್ ಪ್ರಕರಣವೂ ಸೇರಿ ಎರಡು ವರ್ಷದ ಜೈಲು ಶಿಕ್ಷೆಯಾಯಿತು.

ನಮ್ಮಲ್ಲಿ ನೆನಪಿರುವ ಘಟನೆ ಹಿಂದಿ ನಟ ಗೋವಿಂದ ಅವರದು. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈಯ ತಮ್ಮ ಮನೆಯಲ್ಲಿ ಲೈಸೆನ್ಸ್ ಇದ್ದ ರಿವಾಲ್ವರ್ ಎತ್ತಿಡುವಾಗ ಅದು ಕೈಜಾರಿ ಬಿದ್ದು ಗುಂಡು ಕಾಲಿಗೆ ತಗುಲಿತು ಎಂದು ಆಗ ತಿಳಿಸಲಾಗಿತ್ತು. ರಿವಾಲ್ವರ್ ಬಿದ್ದರೆ ಹಾರುತ್ತದೆಯೇ ಎಂದು ಆಗ ಬಹಳ ಜನ ಗೇಲಿ ಮಾಡಿದ್ದರು. ವಿನ್ಯಾಸದ ಮೇಲೆ ಅವಲಂಬಿತ. ಹಳೆಯ ಮಾದರಿಯ ಹಲವು ರಿವಾಲ್ವರ್‌ಗಳಲ್ಲಿ ಹ್ಯಾಮರ್, ಅಂದರೆ ಹಿಂಬದಿಯಲ್ಲಿ ಬಡಿಯುವ ಭಾಗ, ಗುಂಡಿನ ಬೆನ್ನಿಗೆ ಅಂಟಿಕೊಂಡಂತೆ ಕೂತಿರುತ್ತದೆ. ಅದರ ಮೇಲೆ ಜೋರಾಗಿ ಪೆಟ್ಟು ಬಿದ್ದರೆ ಗುಂಡು ಸಿಡಿಯಬಹುದು. ಹೊಸ ಮಾದರಿಗಳಲ್ಲಿ ಇವೆರಡರ ನಡುವೆ ಲೋಹದ ತುಂಡೊಂದು ಅಡ್ಡ ನಿಂತು ಇದನ್ನು ತಡೆಯುತ್ತದೆ. ಹಾಗಾಗಿ ‘ಬೀಳದಂತೆ ಹಿಡಿದಿಡುವುದು’ ಕೂಡ ಜೀವ ಉಳಿಸುವ ಕೆಲಸವೇ. ನಮ್ಮ ಓದುಗರ ತಂದೆಯ ಬಳಿ ಇರುವುದೂ ರಿವಾಲ್ವರ್ ಎಂಬುದನ್ನು ನೆನಪಿಟ್ಟುಕೊಳ್ಳಿ.

ಹಾಗಾದರೆ ‘ತಾನಾಗಿಯೇ ಹಾರಿದ’ ಪಿಸ್ತೂಲಿನ ಕಥೆ?

ಎರಡನೆಯ ಫಾರ್ವರ್ಡ್ ಪೂರ್ತಿ ಕಟ್ಟುಕಥೆಯಲ್ಲ. ಪೂರ್ತಿ ನಿಜವೂ ಅಲ್ಲ.

2025ರ ಜುಲೈನಲ್ಲಿ ಅಮೆರಿಕದ ವ್ಯೋಮಿಂಗ್ ರಾಜ್ಯದ ಎಫ್. ಇ. ವಾರೆನ್ ವಾಯುನೆಲೆಯಲ್ಲಿ ಎಂ18 ಪಿಸ್ತೂಲಿನ ಗುಂಡು ತಗುಲಿ ವಾಯುಪಡೆಯ ಯುವ ಸಿಬ್ಬಂದಿಯೊಬ್ಬರು ಸತ್ತರು. ಪಿಸ್ತೂಲು ಹೋಲ್ಸ್ಟರ್‌ನಲ್ಲಿದ್ದಂತೆಯೇ ಹಾರಿತು ಎಂಬ ಮಾತು ಮೊದಲ ದಿನಗಳಲ್ಲಿ ಎಲ್ಲೆಡೆ ಹರಡಿತು. ಅಲ್ಲಿನ ಗ್ಲೋಬಲ್ ಸ್ಟ್ರೈಕ್ ಕಮಾಂಡ್ ಈ ಪಿಸ್ತೂಲಿನ ಬಳಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಇಷ್ಟು ಭಾಗ ನಿಜ. ನಿಮ್ಮ ಮೊಬೈಲಿಗೆ ಬಂದ ಸಂದೇಶವೂ ಇಲ್ಲಿಗೇ ನಿಂತಿರುತ್ತದೆ. ಮುಂದಿನ ತಿಂಗಳು, ಆಗಸ್ಟ್‌ನಲ್ಲಿ, ಇನ್ನೊಬ್ಬ ಸಿಬ್ಬಂದಿಯನ್ನು ಬಂಧಿಸಲಾಯಿತು. ಸುಳ್ಳು ಹೇಳಿಕೆ ನೀಡಿದ್ದು, ತನಿಖೆಗೆ ಅಡ್ಡಿಪಡಿಸಿದ್ದು, ಅಜಾಗರೂಕತೆಯಿಂದ ಸಾವಿಗೆ ಕಾರಣವಾದದ್ದು ಅವರ ಮೇಲಿದ್ದ ಅನುಮಾನಗಳು. ಪಿಸ್ತೂಲುಗಳನ್ನು ಪರಿಶೀಲಿಸಿದ ಬಳಿಕ ಎಂ18 ಮತ್ತೆ ಬಳಕೆಗೆ ಬಂತು. ಇದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಆದರೂ ‘ನೋಡಿ, ಸುಳ್ಳು’ ಎಂದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಎಂ18 ಎಂಬುದು ಸಿಗ್ ಸೌಅರ್ ಕಂಪನಿಯ ಪಿ320 ಪಿಸ್ತೂಲಿನ ಸೇನಾ ರೂಪ. 2017ರಲ್ಲಿ ಈ ಪಿ320 ಕೆಲವು ಕೋನಗಳಲ್ಲಿ ಕೆಳಗೆ ಬಿದ್ದರೆ ಹಾರಬಹುದು ಎಂಬುದು ಪರೀಕ್ಷೆಗಳಲ್ಲಿ ಕಂಡುಬಂದು ಕಂಪನಿ ಬಿಡಿಭಾಗಗಳನ್ನು ಬದಲಿಸಿಕೊಡುವ ಯೋಜನೆ ಪ್ರಕಟಿಸಿತ್ತು. ಟ್ರಿಗರ್ ಮುಟ್ಟದೆಯೇ ಹಾರಿತು ಎಂದು ದೂರಿ ಹೂಡಿದ ಮೊಕದ್ದಮೆಗಳಲ್ಲಿ 2024ರಲ್ಲಿ ಜಾರ್ಜಿಯಾ ಮತ್ತು ಪೆನ್ಸಿಲ್ವೇನಿಯಾದ ಜ್ಯೂರಿಗಳು ಗಾಯಾಳುಗಳ ಪರ ತೀರ್ಪು ಕೊಟ್ಟಿವೆ. ಟ್ರಿಗರ್ ಎಳೆಯದೆ ನಮ್ಮ ಪಿಸ್ತೂಲು ಹಾರುವುದಿಲ್ಲ ಎಂಬುದು ಕಂಪನಿಯ ವಾದ.

ಈ ಜಗಳದಲ್ಲಿ ಹೋಲ್ಸ್ಟರ್ ಒಂದು ಮುಖ್ಯ ಸಾಕ್ಷಿ. ಇತ್ತೀಚಿನ ಪೊಲೀಸ್ ಪಿಸ್ತೂಲುಗಳ ನಳಿಗೆಯ ಕೆಳಗೆ ಟಾರ್ಚ್ ಜೋಡಿಸಿರುತ್ತಾರೆ. ಟಾರ್ಚ್ ಪಿಸ್ತೂಲಿಗಿಂತ ದಪ್ಪ. ಅದು ಒಳಗೆ ಹೋಗಬೇಕೆಂದರೆ ಹೋಲ್ಸ್ಟರ್‌ನ ಬಾಯಿಯನ್ನು ಅಗಲ ಮಾಡಬೇಕು. ಬಾಯಿ ಅಗಲವಾದಂತೆ ಟ್ರಿಗರ್‌ನ ಅಕ್ಕಪಕ್ಕ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಕೀಲಿಕೈ, ದಾರ, ಚಿಕ್ಕ ಬೆರಳು ನುಸುಳಬಹುದು. ಹೋಲ್ಸ್ಟರ್ ಒಳಗಿತ್ತು ಎಂದ ಮಾತ್ರಕ್ಕೆ ಟ್ರಿಗರ್ ಅನ್ನು ಏನೂ ಮುಟ್ಟಿರಲಿಲ್ಲ ಎಂದಾಗುವುದಿಲ್ಲ. ಹಾಗೆಯೇ, ಪಿಸ್ತೂಲಿನ ಒಳಗಿನ ಯಂತ್ರವೇ ಕೆಟ್ಟಿದ್ದರೆ ಎಂಥ ದುಬಾರಿ ಹೋಲ್ಸ್ಟರ್ ಆದರೂ ಅದನ್ನು ಸರಿಮಾಡಲಾರದು. ಆಗ ಉಳಿಯುವುದು ನಳಿಗೆ ಯಾರ ಕಡೆ ಮುಖ ಮಾಡಿದೆ ಎಂಬ ಪ್ರಶ್ನೆ ಮಾತ್ರ. ಸೊಂಟದ ಬದಿಯಲ್ಲಿ ನೆಲ ನೋಡುತ್ತಿದ್ದರೆ ಒಂದು ರೀತಿ, ಮೇಜಿನ ಮೇಲೆ ಸಹೋದ್ಯೋಗಿಯ ಎದೆ ನೋಡುತ್ತಿದ್ದರೆ ಇನ್ನೊಂದು ರೀತಿ.

ತೊಡೆಗೆ ಕಟ್ಟುವುದು ಎಲ್ಲಿಂದ ಬಂತು?

1980ರ ಏಪ್ರಿಲ್ 30ರಂದು ಲಂಡನ್‌ನ ಇರಾನ್ ರಾಯಭಾರ ಕಚೇರಿಗೆ ನುಗ್ಗಿದ ಆರು ಬಂದೂಕುಧಾರಿಗಳು 26 ಮಂದಿಯನ್ನು ಒತ್ತೆ ಇಟ್ಟುಕೊಂಡರು. ಮೇ 5ರಂದು ಬ್ರಿಟನ್ನಿನ ಎಸ್‌ಎಎಸ್ ಪಡೆ ಒಳನುಗ್ಗಿತು. ಕಪ್ಪು ಉಡುಪು, ಮುಖಕ್ಕೆ ಗ್ಯಾಸ್ ಮಾಸ್ಕ್, ಕೈಯಲ್ಲಿ ಎಂಪಿ5, ತೊಡೆಯಲ್ಲಿ ಬ್ರೌನಿಂಗ್ ಪಿಸ್ತೂಲು ಇದ್ದ ಅವರು ಬಾಲ್ಕನಿಗಳಿಂದ ಒಳಹೊಕ್ಕಿದ್ದನ್ನು ಟಿವಿಗಳು ನೇರ ಪ್ರಸಾರ ಮಾಡಿದವು. ಜಗತ್ತಿನ ಕಣ್ಣಿಗೆ ‘ಕಮಾಂಡೊ’ ಎಂದರೆ ಹೀಗಿರುತ್ತಾನೆ ಎಂಬ ಚಿತ್ರ ಅಂಟಿಕೊಂಡದ್ದು ಬಹುಮಟ್ಟಿಗೆ ಆ ಸಂಜೆ. ಆಮೇಲೆ ಸಿನಿಮಾ, ವಿಡಿಯೊ ಗೇಮ್‌ಗಳು ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದವು. (ಆ ಬ್ರೌನಿಂಗ್ ನಮಗೆ ಅಪರಿಚಿತವೇನಲ್ಲ. ಭಾರತೀಯ ಸೇನೆ ಬಳಸುವ 9 ಎಂಎಂ ಪಿಸ್ತೂಲು ಅದೇ ವಿನ್ಯಾಸದ್ದು, ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದದ್ದು.)

ಅವರು ತೊಡೆಗೆ ಕಟ್ಟಿದ್ದು ಅಂದಕ್ಕಲ್ಲ. ಹಗ್ಗದಿಂದ ಇಳಿಯುವ ಸರಂಜಾಮು ಸೊಂಟ ಸುತ್ತಿಕೊಂಡಿರುತ್ತದೆ, ಮೇಲಿನ ಕವಚ ಕೆಳಗಿನವರೆಗೆ ಇಳಿದಿರುತ್ತದೆ. ಸೊಂಟದಲ್ಲಿ ಪಿಸ್ತೂಲಿಟ್ಟರೆ ಅದು ಕವಚದ ಅಂಚಿನ ಅಡಿಗೆ ಸಿಕ್ಕಿಕೊಂಡು ಎಳೆಯಲು ಬರುವುದಿಲ್ಲ. ಆದ್ದರಿಂದ ಒಂದಷ್ಟು ಕೆಳಗೆ. ಜಾಗ ಇಲ್ಲದವರು ಮಾಡಿಕೊಂಡ ಹೊಂದಾಣಿಕೆ ಅದು. ಅದನ್ನು ಜಾಗ ಇದ್ದವರೂ ಅನುಕರಿಸಿದರು.

ಅನುಕರಣೆಗೆ ಬೆಲೆಯಿದೆ. ಗುಂಡು ತುಂಬಿದ ಗ್ಲಾಕ್ 17 ಸುಮಾರು 900 ಗ್ರಾಂ ತೂಗುತ್ತದೆ, ಹೆಚ್ಚುಕಡಿಮೆ ಒಂದು ಲೀಟರ್ ಹಾಲಿನ ಪ್ಯಾಕೆಟ್. ಅದನ್ನು ಸೊಂಟಕ್ಕೆ ಕಟ್ಟಿದರೆ ಅದು ಮುಂಡದ ಜತೆ ಚಲಿಸುತ್ತದೆ. ತೊಡೆಯ ಕೆಳಭಾಗಕ್ಕೆ ಕಟ್ಟಿದರೆ ಪ್ರತಿ ಹೆಜ್ಜೆಗೂ ಕಾಲಿನೊಂದಿಗೆ ಅದನ್ನು ಬೀಸಿ, ಮತ್ತೆ ನಿಲ್ಲಿಸಬೇಕು. ಪಾದಕ್ಕೆ ಕಟ್ಟಿದ ಭಾರ ಹೊತ್ತು ನಡೆಯಲು ಮೈಮೇಲೆ ಹೊತ್ತ ಅಷ್ಟೇ ಭಾರಕ್ಕಿಂತ ನಾಲ್ಕರಿಂದ ಆರು ಪಟ್ಟು ಹೆಚ್ಚು ಶಕ್ತಿ ಬೇಕು ಎಂದು ಅಮೆರಿಕ ಸೇನೆಯ ಸಂಶೋಧಕರು 1960ರ ದಶಕದಲ್ಲೇ ಅಳೆದಿದ್ದರು. ತೊಡೆಯ ವಿಷಯದಲ್ಲಿ ವ್ಯತ್ಯಾಸ ಅಷ್ಟಿರುವುದಿಲ್ಲ, ಆದರೆ ಕೆಳಗಿಳಿದಷ್ಟೂ ದಣಿವು ಹೆಚ್ಚು ಎಂಬ ದಿಕ್ಕು ಅದೇ. ಓಡಿದಾಗ ಅದು ಗಡಿಯಾರದ ಲೋಲಕದಂತೆ ತೂಗುತ್ತದೆ. ತೂಗದಿರಲೆಂದು ಪಟ್ಟಿ ಬಿಗಿದರೆ ಕುಕ್ಕರಗಾಲಲ್ಲಿ ಕೂರುವಾಗ ತೊಡೆಯ ಸ್ನಾಯು ಉಬ್ಬಿ ರಕ್ತ ಕಟ್ಟಿದಂತಾಗುತ್ತದೆ.

ಅದಕ್ಕೇ ಇಂದು ವೃತ್ತಿಪರರಲ್ಲಿ ಹೆಚ್ಚಿನವರು ಮತ್ತೆ ಮೇಲಕ್ಕೆ ಬಂದಿದ್ದಾರೆ. ಬೆಲ್ಟ್‌ನಿಂದ ಕೆಲವೇ ಇಂಚು ಕೆಳಗೆ ಇಳಿಯುವ ಗಟ್ಟಿ ತುಂಡಿಗೆ ಹೋಲ್ಸ್ಟರ್ ಜೋಡಿಸಿ, ತೊಡೆಗೆ ಒಂದೇ ಒಂದು ಪಟ್ಟಿ ಸುತ್ತುತ್ತಾರೆ. ಕೈ ಸಹಜವಾಗಿ ಇಳಿಬಿಟ್ಟಾಗ ಮಣಿಕಟ್ಟು ಬರುವ ಎತ್ತರಕ್ಕೆ ಪಿಸ್ತೂಲಿನ ಹಿಡಿ ಇರಬೇಕು, ಕವಚದ ಅಂಚಿಗೆ ತಾಗಬಾರದು. ಲೆಕ್ಕಾಚಾರ ಇಷ್ಟೇ. ಕವಚವೇ ಇಲ್ಲದವರಿಗೆ ಕೆಳಗಿಳಿಸುವ ಕಾರಣವೂ ಇಲ್ಲ.

ಎದೆಯ ಕವಚದ ಮೇಲೇ ಪಿಸ್ತೂಲು ಸಿಕ್ಕಿಸುವುದು ಇನ್ನೊಂದು ಶೈಲಿ. ಕವಚದ ಮೇಲೆ ಅಡ್ಡಡ್ಡ ಹೊಲಿದ ಪಟ್ಟಿಗಳಿರುತ್ತವಲ್ಲ, ಅವು ಅಲಂಕಾರವಲ್ಲ. ಒಂದು ಇಂಚು ಅಗಲದ ಪಟ್ಟಿ, ಒಂದು ಇಂಚು ಅಂತರ, ಪ್ರತಿ ಒಂದೂವರೆ ಇಂಚಿಗೆ ಹೊಲಿಗೆ ಎಂಬ ಅಳತೆಯ ಈ ‘ಮೋಲಿ’ ಪದ್ಧತಿಯನ್ನು ಅಮೆರಿಕ ಸೇನೆ 1990ರ ದಶಕದ ಕೊನೆಯಲ್ಲಿ ತಂದಿತು. ಯಾವ ಚೀಲವನ್ನೂ ಎಲ್ಲಿ ಬೇಕಾದರೂ ನೇಯ್ದು ಕೂರಿಸಬಹುದು. ಕೂರಿಸಬಹುದು ಎಂದ ಮಾತ್ರಕ್ಕೆ ಕೂರಿಸಬೇಕೆಂದಿಲ್ಲ. ವಾಹನದಲ್ಲಿ ದಿನವಿಡೀ ಕೂರುವ ಚಾಲಕರಿಗೆ, ಹೆಲಿಕಾಪ್ಟರ್ ಪೈಲಟ್‌ಗಳಿಗೆ ಎದೆಯ ಹೋಲ್ಸ್ಟರ್ ಅನುಕೂಲ. ಬೇರೆಯವರಿಗೆ ಅದು ರೈಫಲ್ ಹೆಗಲಿಗಿಡುವಾಗ ಅಡ್ಡ ಬರುತ್ತದೆ, ಬೋರಲು ಮಲಗಿದರೆ ಪಕ್ಕೆಲುಬಿಗೆ ಒತ್ತುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಡ್ಡಲಾಗಿ ಇಟ್ಟ ಪಿಸ್ತೂಲಿನ ನಳಿಗೆ ಪಕ್ಕದಲ್ಲಿ ನಿಂತವರತ್ತ ಮುಖ ಮಾಡಿರುತ್ತದೆ.

‘ಲೆವೆಲ್ 3’ ಅಂದರೆ ಮೂರು ಪಟ್ಟು ಸುರಕ್ಷಿತವೇ?

ಜಾಹೀರಾತುಗಳಲ್ಲಿ ಅತಿ ಹೆಚ್ಚು ದುರುಪಯೋಗವಾಗುವ ಪದ ಇದು. ಇದರ ಹಿಂದೆ ಗಂಭೀರವಾದ ಕಾರಣವಿದೆ. ಪೊಲೀಸರ ಜತೆ ಕೈಕೈ ಮಿಲಾಯಿಸುವಾಗ ಆರೋಪಿ ಅವರದೇ ಪಿಸ್ತೂಲು ಕಿತ್ತುಕೊಂಡು ಅವರನ್ನೇ ಕೊಂದ ಪ್ರಕರಣಗಳು ಅಮೆರಿಕದಲ್ಲಿ ಎಷ್ಟಿವೆಯೆಂದರೆ, ಎಫ್‌ಬಿಐ ತನ್ನ ವರದಿಗಳಲ್ಲಿ ಅವುಗಳನ್ನು ಬೇರೆಯಾಗಿಯೇ ಎಣಿಸುತ್ತದೆ. ಈ ಸಮಸ್ಯೆಗೆ ಉತ್ತರ ಹುಡುಕಿದವರು ಮಾಜಿ ಎಫ್‌ಬಿಐ ಏಜೆಂಟ್ ಬಿಲ್ ರೋಜರ್ಸ್. 1970ರ ದಶಕದಲ್ಲಿ ಅವರು ರೂಪಿಸಿದ ಪರೀಕ್ಷೆಯನ್ನು ಮುಂದೆ ಸಫಾರಿಲ್ಯಾಂಡ್ ಕಂಪನಿ ಬಳಸುತ್ತ ಬಂತು.

ಪರೀಕ್ಷೆ ಸರಳ, ಆದರೆ ಒರಟು. ಹೋಲ್ಸ್ಟರ್ ಕಟ್ಟಿಕೊಂಡ ವ್ಯಕ್ತಿ ನಿಲ್ಲುತ್ತಾನೆ. ಇನ್ನೊಬ್ಬ ಪಿಸ್ತೂಲಿನ ಹಿಡಿಯನ್ನು ಹಿಡಿದು, ಐದು ಸೆಕೆಂಡ್ ಕಾಲ ಶಕ್ತಿಮೀರಿ ಎಳೆಯುತ್ತಾನೆ. ಪಿಸ್ತೂಲು ಹೋಲ್ಸ್ಟರ್‌ನಲ್ಲೇ, ಹೋಲ್ಸ್ಟರ್ ಸೊಂಟದಲ್ಲೇ ಉಳಿದರೆ ಅದು ಲೆವೆಲ್ 1. ಈಗ ಮೊದಲ ಬೀಗವನ್ನು ಬೇಕೆಂದೇ ತೆರೆದು ಮತ್ತೆ ಐದು ಸೆಕೆಂಡ್ ಎಳೆಯುತ್ತಾರೆ. ಆಗಲೂ ಬರದಿದ್ದರೆ ಲೆವೆಲ್ 2. ಎರಡು ಬೀಗ ತೆರೆದ ಮೇಲೂ ಬರದಿದ್ದರೆ ಲೆವೆಲ್ 3. ಅಂದರೆ ಹೋಲ್ಸ್ಟರ್, ಅದರ ತಿರುಪುಗಳು, ಬೆಲ್ಟ್, ಎಲ್ಲವೂ ಸೇರಿ ಪಾಸಾಗಬೇಕು.

ಇದು ಒಂದು ಕಂಪನಿಯ ಅಳತೆಗೋಲು, ಸರ್ಕಾರಿ ಮಾನದಂಡವಲ್ಲ. ನಮ್ಮ ಐಎಸ್‌ಐ ಗುರುತಿನಂತೆ ಯಾರೋ ಹೊರಗಿನವರು ಪರೀಕ್ಷಿಸಿ ಕೊಡುವ ಮುದ್ರೆಯಲ್ಲ. ಬೇರೆ ತಯಾರಕರು ತಮ್ಮದೇ ಅರ್ಥದಲ್ಲಿ ‘ಲೆವೆಲ್’ ಎನ್ನುತ್ತಾರೆ. ಕೆಲವರಿಗೆ ಅದು ಬೀಗಗಳ ಎಣಿಕೆ ಅಷ್ಟೇ, ಬೀಗ ಎಷ್ಟು ಗಟ್ಟಿ ಎಂಬ ಪ್ರಶ್ನೆಯೇ ಇಲ್ಲ. ಒಂದು ಪ್ಲಾಸ್ಟಿಕ್ ಕ್ಲಿಪ್, ಒಂದು ಪಟ್ಟಿ, ಒಂದು ವೆಲ್ಕ್ರೊ, ‘ಮೂರಾಯಿತಲ್ಲ’ ಎಂದು ಲೆವೆಲ್ 3 ಬರೆದುಬಿಟ್ಟರೆ ಕೇಳುವವರಿಲ್ಲ. ನಾವು ನೋಡಿದ ಫಾರ್ವರ್ಡ್‌ನಲ್ಲಿ ಯಾವ ಪರೀಕ್ಷೆಯ ಹೆಸರೂ ಇರಲಿಲ್ಲ, ತಯಾರಕರ ಹೆಸರೂ ಇರಲಿಲ್ಲ.

ಬೀಗ ಹೆಚ್ಚಾದಷ್ಟೂ ಒಳ್ಳೆಯದು ಎಂಬುದೂ ಪೂರ್ತಿ ಸರಿಯಲ್ಲ. ಸಮವಸ್ತ್ರದಲ್ಲಿ, ಎಲ್ಲರಿಗೂ ಕಾಣುವಂತೆ ಪಿಸ್ತೂಲು ಇಟ್ಟುಕೊಂಡು ಜನರ ನಡುವೆ ನಿಲ್ಲುವ ಪೊಲೀಸರಿಗೆ ಎರಡು ಮೂರು ಬೀಗ ಬೇಕು. ಅಂಗಿಯೊಳಗೆ ಮರೆಮಾಡಿ ಇಟ್ಟುಕೊಳ್ಳುವವರಿಗೆ ಮರೆಯೇ ಒಂದು ಬೀಗ. ಮೂರು ಬೀಗದ ಹೋಲ್ಸ್ಟರ್ ಕೊಟ್ಟು ಅಭ್ಯಾಸ ಕೊಡದಿದ್ದರೆ ತುರ್ತಿನಲ್ಲಿ ಆ ವ್ಯಕ್ತಿಗೇ ಪಿಸ್ತೂಲು ತೆಗೆಯಲು ಬರುವುದಿಲ್ಲ.

ಬೀಗ ತೆರೆಯುವುದು ಯಾವ ಬೆರಳು ಎಂಬುದು ಸಣ್ಣ ವಿಷಯದಂತೆ ಕಂಡರೂ ಸಣ್ಣದಲ್ಲ. ಒಂದು ಬಗೆಯ ಹೋಲ್ಸ್ಟರ್‌ನಲ್ಲಿ ಹೊರಬದಿಯ ಗುಂಡಿಯನ್ನು ತೋರುಬೆರಳಿನಿಂದ ಒತ್ತಬೇಕು. ಗಾಬರಿಯಲ್ಲಿ ಗುಂಡಿಯನ್ನು ಬೆರಳ ತುದಿಯಿಂದ ಒಳಕ್ಕೆ ಒತ್ತುತ್ತಲೇ ಪಿಸ್ತೂಲು ಎಳೆದರೆ, ಅದೇ ಒತ್ತಡದಲ್ಲಿ ಬೆರಳು ನೇರವಾಗಿ ಟ್ರಿಗರ್ ಮೇಲೆ ಹೋಗಿ ಕೂರುತ್ತದೆ. ಹೀಗೆ ಸ್ವಂತ ಕಾಲಿಗೆ ಗುಂಡು ಹಾರಿಸಿಕೊಂಡ ಪ್ರಕರಣಗಳ ಬಳಿಕ ಅಮೆರಿಕದ ಹಲವು ತರಬೇತಿ ಶಾಲೆಗಳು ಈ ಬಗೆಯ ಹೋಲ್ಸ್ಟರ್ ಕಟ್ಟಿಕೊಂಡು ಬಂದವರನ್ನು ಒಳಗೇ ಬಿಡುವುದಿಲ್ಲ. ಹೆಬ್ಬೆರಳಿನಿಂದ ತೆರೆಯುವ ಬೀಗಗಳಲ್ಲಿ ಈ ಅಪಾಯವಿಲ್ಲ. ಹೆಬ್ಬೆರಳು ಟ್ರಿಗರ್ ಕಡೆ ಹೋಗುವುದೇ ಇಲ್ಲವಲ್ಲ. ಹೆಚ್ಚು ಮಾರಾಟವಾಗುವ ಅಗ್ಗದ ನಕಲುಗಳು ಮಾತ್ರ ಇಂದಿಗೂ ತೋರುಬೆರಳಿನ ವಿನ್ಯಾಸದ್ದೇ.

‘ಯಾವ ಪಿಸ್ತೂಲಿಗೂ ಫಿಟ್’

ಯಾವ ಕಾಲಿಗೂ ಆಗುವ ಚಪ್ಪಲಿ ಯಾವ ಕಾಲಿಗೂ ಸರಿಯಾಗುವುದಿಲ್ಲ. ಎಲ್ಲ ಪಿಸ್ತೂಲಿಗೂ ಆಗಬೇಕೆಂದರೆ ಹೋಲ್ಸ್ಟರ್ ಮೆತ್ತನೆಯ ನೈಲಾನ್ ಚೀಲವಾಗಿರಲೇಬೇಕು. ಮೆತ್ತನೆಯ ಚೀಲದ ಹೊರಗಿನಿಂದ ಒತ್ತಿದರೂ ಟ್ರಿಗರ್ ಒತ್ತಬಹುದು. ಪಿಸ್ತೂಲು ತೆಗೆದ ಮೇಲೆ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಮತ್ತೆ ಒಳಗಿಡಲು ಎಡಗೈಯಿಂದ ಬಾಯಿ ಅಗಲಿಸಬೇಕು, ಆಗ ನಳಿಗೆ ಎಡಗೈಯ ಮುಂದೆ ಹಾದುಹೋಗುತ್ತದೆ.

ಗಟ್ಟಿ ಹೋಲ್ಸ್ಟರ್‌ಗಳಿಗೆ ಹೆಚ್ಚು ಬಳಸುವ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ 1960ರ ದಶಕದಲ್ಲಿ ವಿಮಾನಗಳ ಒಳಭಾಗಕ್ಕೆಂದು ತಯಾರಾದದ್ದು. ಬಿಸಿ ಮಾಡಿ ಪಿಸ್ತೂಲಿನ ಆಕಾರದ ಅಚ್ಚಿನ ಮೇಲೆ ಒತ್ತಿದರೆ ಅದೇ ರೂಪಕ್ಕೆ ಕೂರುತ್ತದೆ. ಟ್ರಿಗರ್ ಸುತ್ತಲಿನ ಬಳೆಗೆ ಸರಿಯಾಗಿ ಕಚ್ಚಿಕೊಂಡು, ಪಿಸ್ತೂಲು ಕೂತಾಗ ‘ಟಕ್’ ಎಂಬ ಸದ್ದು ಬರುತ್ತದೆ. ಒಂದು ಮಾದರಿಗೆ ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ. ಅದು ದೋಷವಲ್ಲ, ಅದಕ್ಕೇ ದುಡ್ಡು ಕೊಡುವುದು.

ಚರ್ಮ ಕೆಟ್ಟದ್ದೆಂದು ಇದರ ಅರ್ಥವಲ್ಲ. ಒಳ್ಳೆಯ ದಪ್ಪ ಚರ್ಮವನ್ನು ಒದ್ದೆ ಮಾಡಿ ಪಿಸ್ತೂಲಿನ ಆಕಾರಕ್ಕೆ ಕೂರಿಸಿ ಒಣಗಿಸಿದ ಹೋಲ್ಸ್ಟರ್ ಹಲವು ವರ್ಷ ಬರುತ್ತದೆ. ಬೆವರು, ನಮ್ಮ ಮಲೆನಾಡು ಕರಾವಳಿಯ ಮಳೆ ಅದರ ಶತ್ರುಗಳು. ಬಾಯಿಯ ಅಂಚು ಮೆತ್ತಗಾಗಿ ಒಳಕ್ಕೆ ಮಡಚಿಕೊಳ್ಳತೊಡಗಿದ ದಿನ ಅದರ ಆಯುಷ್ಯ ಮುಗಿಯಿತು. ಆ ಮಡಿಕೆ ಟ್ರಿಗರ್ ಬಳೆಯೊಳಗೆ ನುಗ್ಗಿ, ಪಿಸ್ತೂಲನ್ನು ಕೆಳಕ್ಕೆ ಒತ್ತಿದಾಗ ಬೆರಳಿನ ಕೆಲಸ ಮಾಡಿಬಿಡುತ್ತದೆ.

ಹಿಡಿದಿಡುವ ಜಾಣ್ಮೆ ಪ್ಲಾಸ್ಟಿಕ್ ಜತೆ ಹುಟ್ಟಿದ್ದೇನಲ್ಲ. ಕೊಡವರ ಒಡಿಕತ್ತಿಯನ್ನು ನೋಡಿದವರಿಗೆ ಇದು ಗೊತ್ತು. ಅಷ್ಟು ಅಗಲವಾದ, ಬಾಗಿದ ಅಲಗಿಗೆ ಒರೆ ಇಲ್ಲ. ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಕ್ಕೆಯಲ್ಲಿ ಸಿಕ್ಕಿಸುತ್ತಾರೆ. ಕುಣಿದರೂ ಬೀಳುವುದಿಲ್ಲ, ಬೇಕಾದಾಗ ಕೈಗೆ ಬರುತ್ತದೆ. ಪೊಲೀಸ್ ಅಧಿಕಾರಿಗಳ ಪಿಸ್ತೂಲಿನ ಹಿಡಿಗೆ ಕಟ್ಟುವ ಹೆಣೆದ ದಾರವೂ ಇದೇ ಉದ್ದೇಶದ್ದು. ಕೈಜಾರಿದರೂ, ಕಿತ್ತುಕೊಂಡರೂ ಪಿಸ್ತೂಲು ದೂರ ಹೋಗದಿರಲಿ ಎಂದು.

ಬೆಲ್ಟ್, ಅಭ್ಯಾಸ, ಕಾನೂನು

ಹೋಲ್ಸ್ಟರ್‌ಗೆ ಸಾವಿರಾರು ರೂಪಾಯಿ ಕೊಟ್ಟು, ಅದನ್ನು ಆಫೀಸಿಗೆ ಹಾಕುವ ತೆಳು ಬೆಲ್ಟ್‌ಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಪಿಸ್ತೂಲು ಎಳೆದಾಗ ಹೋಲ್ಸ್ಟರ್ ಕೂಡ ಎದ್ದು ಬರುತ್ತದೆ. ಟ್ಯಾಕ್ಟಿಕಲ್ ಉಡುಪಿನವರು ಎರಡು ಪದರದ ಬೆಲ್ಟ್ ಬಳಸುವುದು ಇದಕ್ಕೇ: ಒಳಗಿನದು ಪ್ಯಾಂಟಿನ ಕೊಂಡಿಗಳಲ್ಲಿ, ಹೊರಗಿನ ಗಟ್ಟಿ ಬೆಲ್ಟ್ ವೆಲ್ಕ್ರೊ ಮೂಲಕ ಅದರ ಮೇಲೆ. ಜಾರುವುದಿಲ್ಲ, ತಿರುಗುವುದಿಲ್ಲ.

ಕೊಳ್ಳುವ ಮೊದಲು ಪರೀಕ್ಷಿಸುವುದಾದರೆ ಪಿಸ್ತೂಲನ್ನು ಪೂರ್ತಿ ಖಾಲಿ ಮಾಡಿ, ಎರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಒಳಗಿಟ್ಟು ಹೊರಗಿನಿಂದ ಬೆರಳಿನಿಂದ ಒತ್ತಿ, ತಿವಿದು ಟ್ರಿಗರ್ ಮುಟ್ಟಲು ಆಗುತ್ತದೆಯೇ ನೋಡಿ. ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲುಗಾಡಿಸಿ. ಕವಚ ಹಾಕುವವರಾದರೆ ಕವಚ ಹಾಕಿಕೊಂಡೇ ಕುಳಿತು, ಎದ್ದು, ಕಾರು ಹತ್ತಿ ಇಳಿದು ನೋಡಿ. ಒಂದೇ ಕೈಯಲ್ಲಿ ಮರಳಿ ಒಳಗಿಡಲು ಬರಬೇಕು. ಪಿಸ್ತೂಲು ತೆಗೆಯುವುದಕ್ಕಿಂತ ಒಳಗಿಡುವಾಗ ಹೆಚ್ಚು ಎಚ್ಚರ ಬೇಕು ಎಂದು ತರಬೇತುದಾರರು ಹೇಳುವುದುಂಟು. ಒಳಗಿಡುವಾಗ ಅವಸರಕ್ಕೆ ಕಾರಣವೇ ಇರುವುದಿಲ್ಲ, ನೋಡಿಕೊಂಡೇ ಇಡಿ.

ಇನ್ನು ಕಾನೂನು. ಭಾರತದಲ್ಲಿ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು 2016ರ ಶಸ್ತ್ರಾಸ್ತ್ರ ನಿಯಮಗಳ ಮಾತು. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಹೋಲ್ಸ್ಟರ್ ಅಥವಾ ಚೀಲದಲ್ಲೇ ಒಯ್ಯಬೇಕು, ಅದು ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಬೀಸಿ ತೋರಿಸುವುದು ನಿಷಿದ್ಧ. ಎಂದರೆ, ಫಾರ್ವರ್ಡ್ ಚಿತ್ರದಲ್ಲಿರುವಂತೆ ತೊಡೆಗೆ ಕಟ್ಟಿ ಎಲ್ಲರಿಗೂ ಕಾಣುವಂತೆ ಮದುವೆ ಮನೆಗೋ ಮಾರುಕಟ್ಟೆಗೋ ಹೋಗುವುದು ಲೈಸೆನ್ಸ್ ಇದ್ದವರಿಗೂ ನಿಯಮ ಮೀರಿದಂತೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದು ತಪ್ಪಲ್ಲ, ಅಲ್ಲಿನ ವಿಡಿಯೊ ನೋಡಿ ಇಲ್ಲಿ ಅನುಕರಿಸಿದರೆ ಕಷ್ಟ.

ಹಾಗಾಗಿ ನಮ್ಮ ಓದುಗರಿಗೆ ಹೀಗೆ ಬರೆದೆವು: ತಂದೆಯವರಿಗೆ ಕವಚವಿಲ್ಲ, ಹಗ್ಗದಿಂದ ಇಳಿಯುವ ಕೆಲಸವಿಲ್ಲ, ತೊಡೆಯ ಹೋಲ್ಸ್ಟರ್ ಬೇಡ. ಅವರ ರಿವಾಲ್ವರ್ ಮಾದರಿಗೇ ಅಚ್ಚು ಹಾಕಿದ, ಟ್ರಿಗರ್ ಪೂರ್ತಿ ಮುಚ್ಚುವ, ಹೆಬ್ಬೆರಳಿನಿಂದ ಬಿಚ್ಚುವ ಪಟ್ಟಿ ಇರುವ ಸೊಂಟದ ಹೋಲ್ಸ್ಟರ್ ಮಾಡಿಸಿ. ಜತೆಗೆ ದಪ್ಪ ಬೆಲ್ಟ್. ಮೇಲೆ ಅಂಗಿ ಮುಚ್ಚಿರಲಿ. ಬಿದ್ದರೆ ಹಾರದಂತೆ ತಡೆಯುವ ಭಾಗ ಆ ರಿವಾಲ್ವರ್‌ನಲ್ಲಿದೆಯೇ ಎಂದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿ ಒಮ್ಮೆ ತೋರಿಸಿ.

ಮರುದಿನ ಉತ್ತರ ಬಂತು. ಹಳೆಯ ಚೀಲ ಚೆನ್ನಾಗಿಯೇ ಕಾಣುತ್ತಿದೆ, ತಂದೆಯ ಸ್ನೇಹಿತರೊಬ್ಬರು ಕೇಳುತ್ತಿದ್ದಾರೆ, ಕೊಡಬಹುದೇ ಎಂದು. ಕೊಡಬೇಡಿ, ಕತ್ತರಿಸಿ ಎಸೆಯಿರಿ ಎಂದಿದ್ದೇವೆ.